ಹಿತ್ತಲ ಮನೆಯ ಅತ್ತೆ ವಕೀಲರನ್ನು ಕಾಣಲು ಹೋದದ್ದು

ಮೊನ್ನೆ ಗಂಡಸಿಯಿಂದ ಬಂದವರೊಬ್ಬರು ಒಂದು ಚೀಲ ಕೊಬ್ಬರಿ ಗಿಟುಕು ಕೊಟ್ಟು ಹೋದರು. ಒಂದನ್ನು ಈಳಿಗೆಮಣೆಯ ಮೇಲೆ ಹೋಳು ಮಾಡಿದೆ. ಆ ಎಣ್ಣೆಯ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹಿತ್ತಲ ಮನೆಯ ಅತ್ತೆ ಕಣ್ಣ ಮುಂದೆ ಬಂದು ನಿಂತರು. ಮಡಿಲಲ್ಲಿ ಕೊಬ್ಬರಿಯ ಗಂಟು, ತಲೆಯ ಮೇಲೆ ಸೆರಗು, ಮುಖದಲ್ಲಿ ಹೆದರಿಕೆ... ಅರಸೀಕೆರೆಯ ವಕೀಲರನ್ನು ಮೊದಲ ಸಲ ಕಾಣಲು ಹೊರಟ ದಿನ ಇದ್ದ ಹಾಗೆಯೇ.

ಅವರು ನನಗೆ ಸ್ವಂತ ಅತ್ತೆಯೇನಲ್ಲ. ನಾನು ಗಂಡಸಿಗೆ ಸೊಸೆಯಾಗಿ ಹೋದ ಹೊಸತರಲ್ಲಿ ನಮ್ಮ ಹಿತ್ತಲಿಗೆ ಅಂಟಿಕೊಂಡ ಮನೆಯಲ್ಲಿದ್ದವರು. ಯುದ್ಧದ ಕಾಲ, ಸೀಮೆಎಣ್ಣೆಗೂ ಪರದಾಟ. ಸ್ವಂತ ಅತ್ತೆಯ ಮುಂದೆ ಬಾಯಿ ಬಿಡಲು ಹೆದರುತ್ತಿದ್ದ ನಾನು ಇವರ ಮುಂದೆ ಮಾತ್ರ ಮನಸ್ಸು ಬಿಚ್ಚಿ ಹರಟುತ್ತಿದ್ದೆ. ಅವರಿಗೆ ಮಕ್ಕಳಿರಲಿಲ್ಲ. ನಾನು ಹೋದರೆ ಏನಾದರೊಂದು ತಿನ್ನಲು ಕೊಡದೆ ಕಳಿಸುತ್ತಿರಲಿಲ್ಲ.

ಅವರ ಯಜಮಾನರು ತೀರಿಕೊಂಡು ವರ್ಷ ತುಂಬಿರಲಿಲ್ಲ, ಆಗಲೇ ಮೈದುನ ತಗಾದೆ ತೆಗೆದ. ಯಜಮಾನರಿಗೆ ಅತ್ತೆಯದು ಎರಡನೆಯ ಸಂಬಂಧ. ಊರಲ್ಲಿ ಚಪ್ಪರ ಹಾಕದೆ, ಮಾಲೇಕಲ್ಲಿನ ಬೆಟ್ಟದ ಮೇಲಿನ ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡು ಬಂದವರು. ಅಲ್ಲಿ ನಿಂತು ನೋಡಿದವರಲ್ಲಿ ಹೆಚ್ಚಿನವರು ಮೈದುನನ ಕಡೆಯವರೇ. ಮಂತ್ರ ಹೇಳಿದ ಅರ್ಚಕರೂ ಆಗ ಬದುಕಿರಲಿಲ್ಲ. "ಮದ್ವೆನೇ ಆಗಿಲ್ಲ, ನಮ್ಮಣ್ಣ ಸುಮ್ಕೆ ಇಟ್ಕಂಡಿದ್ದ" ಎಂದು ಅವನು ಊರೆಲ್ಲ ಸಾರಿಕೊಂಡು ಬಂದ. ಮನೆ ಬಿಡು, ತೆಂಗಿನ ತೋಟ ಬಿಡು ಎಂದು ಕೂತ. ಬಿಟ್ಟು ಅವರು ಹೋಗುವುದಾದರೂ ಎಲ್ಲಿಗೆ? ಆ ಮಾತು ಕೇಳಿ ಅತ್ತೆ ಎರಡು ದಿನ ಒಲೆ ಹಚ್ಚಲಿಲ್ಲ. ನನಗೆ ಆ ಮನುಷ್ಯನ ಮುಖ ಕಂಡರೆ ಮೈ ಉರಿಯುತ್ತಿತ್ತು. ಈಗ ನೆನೆದರೂ ಉರಿಯುತ್ತದೆ.

ನಮ್ಮ ಮಾವನವರು ಅರಸೀಕೆರೆಯ ವಕೀಲರೊಬ್ಬರಿಗೆ ಹೇಳಿಕಳಿಸಿ ಭೇಟಿಗೆ ದಿನ ಗೊತ್ತು ಮಾಡಿದರು. ನಾಲ್ಕಕ್ಷರ ಬಲ್ಲವಳೆಂದು ನಾನೂ ಜೊತೆಗೆ ಹೋಗುವುದೆಂದಾಯಿತು. ಸರಿ, ಅತ್ತೆಯನ್ನು ತಯಾರು ಮಾಡುವ ಕೆಲಸ ನನ್ನ ತಲೆಗೆ ಬಂತು. ಮಧ್ಯಾಹ್ನ ಊಟವಾದ ಮೇಲೆ ಅವರ ಜಗಲಿಯೇ ವಕೀಲರ ಕೋಣೆ, ಗಂಡನ ಕರಿ ಕೋಟು ಏರಿಸಿಕೊಂಡ ನಾನೇ ವಕೀಲ.

"ತೋಟ ಎಷ್ಟು ವರ್ಷದಿಂದ ನಿಮ್ಮ ಕೈಲಿದೆ?" ಎಂದು ಗತ್ತಿನಿಂದ ಕೇಳಿದೆ.

"ನಮ್ ಕೆಂದಹಸ ಮೊದ್ಲನೇ ಕರ ಹಾಕ್ತಲ್ಲ, ಆವಾಗ ಸಸಿ ನೆಟ್ಟಿದ್ದು..." ಎಂದು ಶುರುಮಾಡಿದವರು ಆ ಹಸುವಿನ ಮೊಮ್ಮಗಳವರೆಗೂ ನಿಲ್ಲಲಿಲ್ಲ.

"ಅತ್ತೆ, ವಕೀಲರೇನು ಹಸ ಕೊಳ್ಳಕ್ಕೆ ಕೂತವ್ರಾ?" ಎಂದೆ. ಅವರೂ ನಕ್ಕರು. ಎಷ್ಟೋ ದಿನದ ಮೇಲೆ ನಕ್ಕದ್ದು.

ಹಸುವನ್ನು ಹೇಗೋ ಹೊರಗೆ ಕಟ್ಟಿದೆವು. ಆದರೆ ಮುಂದಿನ ಪ್ರಶ್ನೆಗೆ ಗಾಡಿ ನಿಂತೇಹೋಯಿತು. "ನಿಮ್ಮ ಯಜಮಾನರ ಹೆಸರೇನು?"

ಅತ್ತೆ ಸೆರಗನ್ನು ಬಾಯಿಗಿಟ್ಟುಕೊಂಡರು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವರ ಆಯುಸ್ಸು ಕಡಿಮೆಯಾಗುತ್ತದೆಂಬ ಭಯ. ಅತ್ತೆಯ ಯಜಮಾನರದು ಮಾಲೇಕಲ್ಲಿನ ದೇವರದೇ ಹೆಸರು. ಹಾಗಾಗಿ ಅವರು ದೇವರ ಹೆಸರನ್ನೂ ಬಿಟ್ಟವರು. ಕೈಮುಗಿಯುವಾಗಲೂ "ಬೆಟ್ಟದಪ್ಪ" ಎನ್ನುತ್ತಿದ್ದರು, ಅಷ್ಟೆ.

"ಆಯಸ್ಸೇ ಮುಗ್ದೋಯ್ತು, ಇನ್ನ ಕಮ್ಮಿ ಆಗಾದೇನೈತೆ ಅಂತ ನಂಗೂ ಗೊತ್ತು ಕಣವ್ವ," ಎಂದರು. "ಆದ್ರೆ ಬಾಯಿ ಕೇಳ್ಬೇಕಲ್ಲ."

ಮರುದಿನದಿಂದ ಅತ್ತೆ ನೀರು ಸೇದುವಾಗ ಬಾವಿಗೆ ಬಗ್ಗಿ ಏನೋ ಗೊಣಗುವುದು ಕೇಳಿಸುತ್ತಿತ್ತು. ಮೊದಲ ಅಕ್ಷರ ಬರುತ್ತಿತ್ತು, ಆಮೇಲೆ ಬರೀ ರಾಟೆಯ ಸದ್ದು. ನನಗೆ ನಗು ಬರುತ್ತಿತ್ತು, ಹಿಂದೆಯೇ ಅಯ್ಯೋ ಎನಿಸುತ್ತಿತ್ತು. ಕೊನೆಗೆ ಹೆಸರನ್ನು ನಾನು ಹೇಳುವುದು, ಉಳಿದದ್ದನ್ನೆಲ್ಲ ಅವರು ಹೇಳುವುದು ಎಂದು ರಾಜಿಯಾಯಿತು.

ಪೆಟ್ರೋಲಿಗೂ ಬರವಿದ್ದ ಆ ಕಾಲದ ಇದ್ದಿಲ ಬಸ್ಸಿನಲ್ಲಿ, ಹೊಗೆಗೆ ಕೆಮ್ಮುತ್ತ ಅರಸೀಕೆರೆ ಸೇರಿದೆವು. ಮಾವನವರು ವಕೀಲರ ಮನೆಯ ಹೊರಗೆ ಕೂತರು, ನಾವಿಬ್ಬರು ಒಳಗೆ ಹೋದೆವು. ಬರಿಗೈಲಿ ಹೋಗಬಾರದೆಂದು ತಂದಿದ್ದ ಕೊಬ್ಬರಿಯನ್ನು ಅತ್ತೆ ಮೇಜಿನ ಮೇಲಿಟ್ಟರು. ಕೋಣೆಯಲ್ಲೆಲ್ಲ ಅದೇ ವಾಸನೆ. ವಕೀಲರು ವಯಸ್ಸಾದವರು, ಮೆತ್ತನೆಯ ಮಾತು. ಮದುವೆ ಎಲ್ಲಾಯಿತು, ತೋಟದ ಮೂಡಲಿಗೆ ಯಾರ ಜಮೀನು, ಎಲ್ಲಕ್ಕೂ ಅತ್ತೆ ಪಟಪಟನೆ ಉತ್ತರ ಕೊಟ್ಟರು. ಕೆಂದಹಸು ಒಮ್ಮೆ ಮಾತ್ರ ಇಣುಕಿತು. ನಾನು ಮೆಲ್ಲಗೆ ಚಿವುಟಿದೆ.

"ಯಜಮಾನರ ಹೆಸರು?"

ನಾನು ಬಾಯಿ ತೆರೆದೆ. ವಕೀಲರು ಕೈಯೆತ್ತಿ ತಡೆದರು. "ಇಲ್ಲಿ ಈ ಮಗು ಹೇಳಬಹುದು ತಾಯಿ. ಆದರೆ ಕೋರ್ಟಿನಲ್ಲಿ ನಿಮ್ಮನ್ನೇ ಕೇಳ್ತಾರೆ. ನೀವು ತಡವರಿಸಿದರೆ, ಗಂಡನ ಹೆಸರು ಹೇಳದವಳು ಎಂಥ ಹೆಂಡತಿ ಅಂತಾರೆ ಎದುರು ಪಾರ್ಟಿಯವರು."

ಅತ್ತೆ ತಲೆಯೆತ್ತಿದರು. ಅವರ ದನಿಯಲ್ಲಿ ಅಷ್ಟು ಕಾವನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಹೆಂಡ್ತಿ ಆಗಿದ್ಕೇ ಅಲ್ವಾ ಸ್ವಾಮಿ, ಹೇಳಕ್ಕಾಗ್ದೆ ಇರಾದು?"

ವಕೀಲರು ಲೇಖನಿ ಕೆಳಗಿಟ್ಟರು. "ಈ ಮಾತನ್ನ ಅಲ್ಲಿಯೂ ಹೀಗೇ ಹೇಳಿ," ಎಂದರು. "ಆಮೇಲೆ ಹೆಸರನ್ನೂ ಹೇಳಿ."

ಅತ್ತೆ ಎದ್ದು ನಿಂತರು. ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿ ಕೈಮುಗಿದರು. ಹೆಸರನ್ನು ಪೂರ್ತಿಯಾಗಿ, ಗಟ್ಟಿಯಾಗಿ ಹೇಳಿದರು.

ವಾಪಸು ಬರುವಾಗ ಬಸ್ಸು ಗಂಡಸಿಯ ಹತ್ತಿರ ಬಂದಾಗ ಅತ್ತೆ ನನ್ನ ಕೈ ಹಿಡಿದುಕೊಂಡು, "ಹೆಸ್ರಿಡ್ದು ಕರ್ದಂಗಾಯ್ತು ಕಣವ್ವ," ಎಂದರು. "ಎಲ್ಲಿಂದಾರ ಓ ಅಂತಾರೇನೋ ಅಂತ ಒಂದ್ ಗಳಿಗೆ ಕಾದೆ..." ನಾನು ಅತ್ತುಬಿಟ್ಟೆ.

ಕೋರ್ಟಿನಲ್ಲಿ ಆ ಮಾತು, ಹೆಸರು ಎರಡನ್ನೂ ಹೇಳಿದರಂತೆ, ತಡವರಿಸದೆ. ಮನೆ, ತೋಟ ಅವರಿಗೇ ಉಳಿಯಿತು. ಅದೇ ಮನೆಯಲ್ಲಿ ಕಣ್ಣು ಮುಚ್ಚಿದರು. ನಾವು ಆಗ ಪರಸ್ಥಳದಲ್ಲಿದ್ದೆವು. ಸುದ್ದಿ ತಲುಪುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಕೊನೆಯದಾಗಿ ಮುಖ ನೋಡಲಾಗಲಿಲ್ಲವೆಂಬ ಸಂಕಟ ಇವತ್ತಿಗೂ ಹೋಗಿಲ್ಲ.

ಆ ಕರಿ ಕೋಟಿನ ನಮ್ಮ ಯಜಮಾನರೂ ಹೋಗಿ ಈಗ ಎರಡು ವರ್ಷ. ಕಾಗದಪತ್ರಗಳಲ್ಲಿ ಅವರ ಹೆಸರನ್ನು ಎಷ್ಟೋ ಸಲ ಬರೆದಿದ್ದೇನೆ, ಬಾಯಿಂದ ಆಡಿರಲಿಲ್ಲ. ಅತ್ತೆಗೆ ಪಾಠ ಹೇಳಿಕೊಟ್ಟವಳು ನಾನು! ಮೊನ್ನೆ ಹೋಳು ಮಾಡಿದ ಕೊಬ್ಬರಿಯನ್ನು ಮುಂದಿಟ್ಟುಕೊಂಡು, ಅಡಿಗೆಮನೆಯಲ್ಲಿ ಒಬ್ಬಳೇ ಕೂತು, ಮೊದಲ ಸಲ ಗಟ್ಟಿಯಾಗಿ ಅವರ ಹೆಸರು ಹೇಳಿದೆ.

ಹೇಳಿ, ನಾನೂ ಒಂದು ಗಳಿಗೆ ಕಾದೆ...