ಟಿಕ್ ಉಳಿದ ಆಕಾಶ

ಶಾಲೆಯ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಅಕ್ಕನಿಗೆ ಕೆಲಸದ ನಡುವೆ ಮನಸ್ಸು ಎಲ್ಲೆಲ್ಲೋ ತೇಲಿಹೋಗುವ ಚಾಳಿ. ಮಕ್ಕಳ ಕಂಪ್ಯೂಟರಿನಲ್ಲಿ ಯಾವ ಆ್ಯಪ್ ತೆರೆಯಬೇಕು, ಯಾವುದು ಕೂಡದು ಎಂದು ಅವಳು ತನ್ನ ಮೇಜಿನಿಂದಲೇ ಟಿಕ್ ಹಾಕುತ್ತಾಳೆ. ಟಿಕ್ ಇದ್ದರೆ ಮಕ್ಕಳ ಪರದೆಯ ಮೇಲೆ ಅದರ ಪುಟ್ಟ ಚಿತ್ರ ಮೂಡುತ್ತದೆ. ತೆಗೆದರೆ ಮಾಯ.

"ಆ ನಕ್ಷತ್ರದ ಆ್ಯಪ್ ತೆಗೆದ್ಬಿಡಿ. ಪಾಠ ಬಿಟ್ಟು ಆಕಾಶ ನೋಡ್ತಾ ಕೂತಿರ್ತಾರೆ" ಎಂದು ಹೆಡ್‌ಮೇಡಂ ಹೇಳಿಹೋದರು. ಹಾಗೆ ಕೂರುವವರಲ್ಲಿ ಮೊದಲನೆಯವಳು ಅಕ್ಕನೇ!

ಎಷ್ಟೋ ವರ್ಷಗಳ ಹಿಂದೆ, ತಂಗಿ ಹುಟ್ಟುವ ಹಿಂದಿನ ದಿನ ಸಂಜೆ, ತುಂಬುಬಸುರಿ ಅಮ್ಮ ತಾರಸಿಯಲ್ಲಿ ಕೂತು, ನೀರಿನ ಟ್ಯಾಂಕಿನ ಮೇಲ್ಗಡೆ ಹೊಳೆಯುತ್ತಿದ್ದ ನಕ್ಷತ್ರದತ್ತ ಬೆರಳು ತೋರಿಸಿದ್ದಳು. "ನೋಡೇ, ಅದು ನಮ್ದು. ಪಾಪುಗೂ ತೋರ್ಸು." ಮರುದಿನ ತಂಗಿ ಬಂದಳು, ಅಮ್ಮ ಹೋದಳು. ಅಮ್ಮನ ಮುಖವನ್ನೇ ಕಾಣದ ತಂಗಿಗೆ ಅದನ್ನಾದರೂ ತೋರಿಸೋಣವೆಂದರೆ ಸಿಕ್ಕರೆ ತಾನೆ? ಅದೇ ಮನೆ, ಅದೇ ತಾರಸಿ, ಅದೇ ಟ್ಯಾಂಕು; ನಕ್ಷತ್ರ ಮಾತ್ರ ಇಲ್ಲ. "ಹೋಗೇ ಅಕ್ಕ, ಸಲಕ್ಕೊಂದು ತೋರಿಸ್ತೀಯ" ಎಂದು ತಂಗಿ ನಗುತ್ತಿದ್ದಳು. ನಕ್ಕ ಮೇಲೂ ಸ್ವಲ್ಪ ಹೊತ್ತು ಆ ಕಡೆಯೇ ನೋಡುತ್ತಿದ್ದಳು.

ಆ ದಿನವೂ ಅಕ್ಕನ ಕೈ ಮೌಸಿನ ಮೇಲಿತ್ತು, ಹಾಳು ಮನಸ್ಸು ತಾರಸಿಯಲ್ಲಿತ್ತು. ನಕ್ಷತ್ರದ ಆ್ಯಪ್ ಒಂದನ್ನೇ ತೆಗೆಯಬೇಕಾದವಳು ಅದೊಂದನ್ನೇ ಬಿಟ್ಟು ಮಿಕ್ಕೆಲ್ಲದರ ಟಿಕ್ ತೆಗೆದಳು. ಸೇವ್ ಒತ್ತಿ, ದೀಪ ಆರಿಸಿ ಮನೆಗೆ ಹೋದಳು.

ಬೆಳಿಗ್ಗೆ ಗಣಿತಕ್ಕೆಂದು ಬಂದ ಮಕ್ಕಳಿಗೆ ಪರದೆಯಲ್ಲಿ ಸಿಕ್ಕಿದ್ದು ಒಂದೇ ಚಿತ್ರ. ಒತ್ತಿಯೇಬಿಟ್ಟರು. ಸಾಲುಸಾಲು ಮೇಜುಗಳ ಮೇಲೆ ಕಡುನೀಲಿ ಆಕಾಶ ಸದ್ದಿಲ್ಲದೆ ತಿರುಗತೊಡಗಿತು. ಗದ್ದಲದ ತರಗತಿ ಪರದೆಗೆ ಕಣ್ಣು ನೆಟ್ಟು ಕೂತಿತು. ಕಿಟಕಿ ಪಕ್ಕದ ಹುಡುಗಿ ಕೂಗಿದಳು: "ಅಕ್ಕಾ, ತಾರೀಖು ಬದಲಾಯಿಸ್ಬೋದು! ನಾನು ಹುಟ್ಟಿದ ದಿನದ ಆಕಾಶ ನೋಡಿ!"

ಅಯ್ಯೋ, ಇದು ತನಗೆ ಹೊಳೆಯಲೇ ಇಲ್ಲವಲ್ಲ! ಇಷ್ಟು ಕಾಲ ಇವತ್ತಿನ ಆಕಾಶದಲ್ಲೇ ತಡಕಾಡಿದ್ದಾಯಿತು.

"ಏನ್ರೀ ಇದು ಅವಾಂತರ?" ಬಾಗಿಲಲ್ಲಿ ಹೆಡ್‌ಮೇಡಂ. "ಈಗ್ಲೇ ಸರಿ ಮಾಡಿ!"

"ಮಾಡ್ತೀನಿ ಮೇಡಂ, ಒಂದೇ ನಿಮಿಷ."

ಅಕ್ಕ ತನ್ನ ಪರದೆಯ ಆಕಾಶವನ್ನು ತಂಗಿ ಹುಟ್ಟಿದ ದಿನದ ಹಿಂದಿನ ಸಂಜೆಗೆ ಒಯ್ದಳು. ಟ್ಯಾಂಕಿನ ದಿಕ್ಕಿಗೆ ತಿರುಗಿಸಿದಳು. ಅಗೋ, ಅಲ್ಲೇ, ಫಳಫಳ ಹೊಳೆಯುತ್ತಿತ್ತು. ಒತ್ತಿದರೆ ಹೆಸರು ಬಂತು: ಗುರು. ನಕ್ಷತ್ರವೇ ಅಲ್ಲ, ಗ್ರಹ! ಕಾಲಿಗೆ ಚಕ್ರ ಕಟ್ಟಿಕೊಂಡದ್ದು ಟ್ಯಾಂಕಿನ ಮೇಲೆ ಕಾಯುತ್ತಾ ಕೂರುತ್ತದೆಯೇ? ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಕಣ್ಣೊರೆಸಿಕೊಂಡು ತಾರೀಖನ್ನು ಇವತ್ತಿಗೆ ತಂದು, ಅದು ಈಗ ಎಲ್ಲಿದೆಯೆಂದು ನೋಡಿಕೊಂಡಳು. ಆಮೇಲೆ ಮಿಕ್ಕೆಲ್ಲಕ್ಕೂ ಟಿಕ್ ಹಾಕಿ, ನಕ್ಷತ್ರದ ಆ್ಯಪಿನದ್ದು ತೆಗೆದಳು. ಆಕಾಶ ಹೋಯಿತು, ಮಕ್ಕಳು "ಛೇ" ಎಂದರು.

ಅಂದು ಸಂಜೆ ತಂಗಿಯನ್ನು ತಾರಸಿಗೆ ಎಳೆದುಕೊಂಡು ಹೋದಳು. ಕೆಲಸದಿಂದ ದಣಿದು ಬಂದಿದ್ದ ತಂಗಿ ರೂಢಿಯಂತೆ ಟ್ಯಾಂಕಿನತ್ತ ನಿಂತಳು. ಅಕ್ಕ ಅವಳ ಭುಜ ಹಿಡಿದು ಪೂರ್ತಿ ಹಿಂದಕ್ಕೆ ತಿರುಗಿಸಿದಳು.

"ಆ ಕಡೆ ಅಲ್ವೇ. ಇಲ್ನೋಡು. ಅಮ್ಮ ತೋರ್ಸಿದ್ದು ಇದೇ. ಈ ಸಲ ಸುಳ್ಳಲ್ಲ."

ತಂಗಿ ನಗಲಿಲ್ಲ. ಬಹಳ ಹೊತ್ತು ನೋಡಿದಳು. ಆಮೇಲೆ ಅಕ್ಕನ ಹೆಗಲಿಗೆ ತಲೆಯಿಟ್ಟು, ಮೆಲ್ಲಗೆ ಅಂದಳು: "ಪಾಪು ನೋಡಾಯ್ತು ಅಂತ ಅಮ್ಮಂಗೆ ಹೇಳೇ."