ಹನೂರಿನ ಸೂರಿಗೊಂದು ಬೆಳಕಿಂಡಿ

ಒಂದು ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಡಲು ಬಾಗಿಲು ತೆಗೆದರೆ, ಹಿಂದಿನ ಬೀದಿಯ ಹೆಂಗಸೊಬ್ಬಳು ಹೊಸ್ತಿಲಿನಿಂದ ಮಾರು ದೂರದಲ್ಲಿ ನಿಂತಿದ್ದಳು. ಒಳಗೆ ಬನ್ನಿ ಎಂದೆ. ಬರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, "ಯಾವಾಗವ್ವ ತೀರ್ಕಂಡದ್ದು?" ಎಂದು ಕೇಳಿದಳು.

"ಯಾರು?" ಎಂದೆ.

"ಸಿವಮಲ್ಲಪ್ಪೋರು ಕಣವ್ವ. ಇಲ್ದಿದ್ರೆ ಸೂರ ಯಾಕೆ ಬಿಚ್ತಿದ್ರು?"

ಸೂರನ್ನು ಬಿಚ್ಚಿದವಳು ನಾನು. ಹಿಂದಿನ ದಿನ, ರಜೆಯಲ್ಲಿ, ಅಡುಗೆಮನೆಗೆ ಬೆಳಕು ಬರಲೆಂದು ಆರು ಹೆಂಚು ತೆಗೆದಿದ್ದೆ.

ಗದಗಿನ ಹತ್ತಿರದ ನಮ್ಮ ಊರಿನಿಂದ ಹನೂರಿಗೆ ಬರಲು ಮೂರು ಸರ್ಕಾರಗಳನ್ನು ದಾಟಬೇಕು. ನಮ್ಮದು ಮುಂಬಯಿಯ ಆಡಳಿತ. ನಡುವೆ ಮೈಸೂರು. ಯಳಂದೂರು ಕಳೆದ ಮೇಲೆ ಮದರಾಸಿನವರ ಸೀಮೆ. ಮೂರು ಕಡೆಯೂ ಜನ ಆಡುವುದು ಕನ್ನಡವೇ ಆದ್ದರಿಂದ, ನಾನು ದೂರ ಬಂದಿದ್ದೇನೆಂದು ನನಗೆ ಮೊದಲು ಅನ್ನಿಸಲಿಲ್ಲ. ರೊಟ್ಟಿಯ ಬದಲು ರಾಗಿಮುದ್ದೆಯನ್ನು ಅಗಿಯದೆ ನುಂಗಲು ಕಲಿತೆ. ನಾವು ನಿಚ್ಚಣಿಕೆ ಎನ್ನುವುದು ಇಲ್ಲಿ ಏಣಿ, ನಾವು ಮಾಳಿಗೆ ಎನ್ನುವ ಕಡೆ ಇಲ್ಲಿ ಸೂರು. ಇಷ್ಟನ್ನು ಬರೆದಿಟ್ಟುಕೊಂಡರೆ ಸಾಕು ಎಂದುಕೊಂಡಿದ್ದೆ.

ಇಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಕನ್ನಡ ಕಲಿಸಲು ಪದವೀಧರೆ ಬೇಕೆಂಬ ಜಾಹೀರಾತು ನೋಡಿ ಅರ್ಜಿ ಹಾಕಿದ್ದೆ. ತಂದೆಗೆ ಇಷ್ಟವಿರಲಿಲ್ಲ. "ಇರಾಕ ಮರ್ಯಾದಸ್ತರ ಮನಿ ಇಲ್ಲಂದ್ರ ಮರುದಿನಾನ ಬಂದಬಿಡಬೇಕು" ಎಂಬ ಮಾತಿಗೆ ಒಪ್ಪಿ ಹೊರಟೆ. ಒಂಟಿ ಹೆಣ್ಣಿಗೆ ಯಾರೂ ಮನೆ ಕೊಡಲಿಲ್ಲ. ಒಂದು ತಿಂಗಳು ಮುಖ್ಯೋಪಾಧ್ಯಾಯಿನಿಯವರ ಹಜಾರದಲ್ಲಿ ಮಲಗಿದೆ. ಕೊನೆಗೆ ನಂಜಮ್ಮ ಎಂಬವರು ತಮ್ಮ ಉದ್ದನೆಯ ಮನೆಯ ಹಿಂಭಾಗವನ್ನು ಬಿಟ್ಟುಕೊಟ್ಟರು. ಮುಂದಿನ ಭಾಗದಲ್ಲಿ ಅವರೂ ಅವರ ಗಂಡ ಶಿವಮಲ್ಲಪ್ಪನವರೂ. ನಡುವೆ ಗೋಡೆ, ಮೇಲೆ ಒಂದೇ ಸೂರು.

ಆ ಮನೆಯನ್ನು ನನ್ನದಾಗಿಸಿಕೊಂಡದ್ದು ರಿಪೇರಿಯಿಂದ. ಕಿರುಗುಟ್ಟುವ ಬಾಗಿಲಿನ ಕೀಲಿಗೆ ಹರಳೆಣ್ಣೆ ಬಿಟ್ಟೆ. ಇಲಿ ಕೊರೆದ ಗೋಡೆಯ ಬುಡಕ್ಕೆ ಗಾಜಿನ ಚೂರು ಸೇರಿಸಿ ಮಣ್ಣು ಮೆತ್ತಿದೆ. ಊರಿನಲ್ಲಿ ಇವನ್ನೆಲ್ಲ ಯಾರು ಮಾಡುತ್ತಿದ್ದರೆಂದು ನಾನು ಗಮನಿಸಿಯೇ ಇರಲಿಲ್ಲ. ಇಲ್ಲಿ ಒಂದೊಂದು ಕೆಲಸ ಮುಗಿದಾಗಲೂ, ಇನ್ನಷ್ಟು ದಿನ ಇರಬಹುದು ಎಂಬ ಧೈರ್ಯ ಬರುತ್ತಿತ್ತು.

ಉಳಿದದ್ದು ಅಡುಗೆಮನೆಯ ಕತ್ತಲೆ. ಅದಕ್ಕೆ ಕಿಟಕಿಯಿಲ್ಲ. ಹಗಲಲ್ಲೂ ಬುಡ್ಡಿದೀಪ. ನಮ್ಮ ಕಡೆಯ ಮಣ್ಣಿನ ಮಾಳಿಗೆಗಳಲ್ಲಿ ಒಲೆಯ ನೇರಕ್ಕೊಂದು ಬೆಳಕಿಂಡಿ ಇರುತ್ತದೆ. ಮಳೆ ಬಂದರೆ ಮೇಲೆ ಹತ್ತಿ ಕಲ್ಲು ಮುಚ್ಚುತ್ತೇವೆ. ಹೆಂಚು ಕೈಯಾಡಿಸಿ ಸರಿಪಡಿಸುವವನನ್ನು ಬರಲು ಕೇಳಿದೆ. "ಮಳೆ ಇಡ್ಯಾ ಮುಂಚೆ ಬತ್ತೀನಿ ಕಣ್ರವ್ವ" ಎಂದ, ಬರಲಿಲ್ಲ. ಪದವಿ ಪಡೆದ ದಿನ ತೆಗೆಸಿದ ನನ್ನ ಫೋಟೊದ ಚೌಕಟ್ಟಿನಿಂದ ಗಾಜು ಬಿಡಿಸಿಕೊಂಡು, ನಾನೇ ಅಟ್ಟ ಹತ್ತಿದೆ. ಒಳಗಿನಿಂದಲೇ ಹೆಂಚು ಸರಿಸಿ, ಹೆಂಚು ಕೂರುವ ಮರದ ರೀಪುಗಳ ನಡುವೆ ಗಾಜು ಕೂರಿಸಿದೆ. ಇಳಿದು ನೋಡಿದರೆ ಒಲೆಯ ಪಕ್ಕದ ನೆಲದಲ್ಲಿ ಚೌಕಾಕಾರದ ಬಿಸಿಲು. ಅಂದು ಅದರಲ್ಲಿ ಕುಳಿತು ಊಟ ಮಾಡಿದೆ. ಇಲ್ಲಿಗೆ ಬಂದ ಮೇಲೆ ಅಷ್ಟು ನೆಮ್ಮದಿಯಿಂದ ಉಂಡದ್ದು ಅದೇ ಮೊದಲು.

ನನಗೆ ತಿಳಿಯದಿದ್ದದ್ದು ಇದು: ಈ ಭಾಗದಲ್ಲಿ ಕೆಟ್ಟ ನಕ್ಷತ್ರದಲ್ಲಿ ಜೀವ ಹೋದರೆ, ಅದು ಹೊರಹೋಗಲು ದಾರಿಯಾಗಲೆಂದು ಸೂರಿನ ಹೆಂಚು ತೆಗೆಯುತ್ತಾರೆ. ಬಾಗಿಲಿಗೆ ಮುಳ್ಳು ಹಾಕಿ, ಮನೆಯವರೆಲ್ಲ ತಿಂಗಳುಗಟ್ಟಲೆ ಬೇರೆಡೆ ಇರುತ್ತಾರೆ. ತೆರೆದ ಸೂರು ಎಂದರೆ ಇಲ್ಲಿ ಸಾವಿನ ಸುದ್ದಿ. ಶಿವಮಲ್ಲಪ್ಪನವರು ಆ ವೇಳೆಗೆ ವಾರದಿಂದ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಎದೆನೋವಿನಿಂದ ಮಲಗಿದ್ದರು. ನಂಜಮ್ಮ ಅಲ್ಲೇ ಇದ್ದರು.

ಅವರು ಬದಲಿಸಲು ಸೀರೆ ತೆಗೆದುಕೊಂಡು ಹೋಗಲೆಂದು ಆ ಸೋಮವಾರ ಸಂಜೆಯ ಬಸ್ಸಿಗೆ ಬಂದರು. ತಮ್ಮ ಮನೆಗೆ ಹೋಗದೆ ನೇರ ನನ್ನ ಬಾಗಿಲಿಗೆ ಬಂದು ನಿಂತರು.

"ಬಸ್ಸಿಂದ ಇಳೀತಿದ್ದಂಗೆ ಎಲ್ರೂ ನನ್ ಕೈಬಳೆ ನೋಡ್ತಾವ್ರೆ ಕಣ್ರವ್ವ. ಒಬ್ಳು ತಬ್ಕಂಡು ಅತ್ತೇಬುಟ್ಲು. ನಾನು ಬುಟ್ಟು ಬಂದಾಗ ಅವ್ರು ಗಂಜಿ ಕುಡೀತಿದ್ರು. ಇತ್ತಗೆ ಬರೋ ಒತ್ಗೆ ಏನಾಯ್ತೋ ಅಂತ ನಂಗೇ ಗಾಬ್ರಿ."

ನನ್ನ ನಾಲಿಗೆಗೆ ಊರಿನ ಮಾತೇ ಬಂತು. "ಅಡಗಿ ಮನ್ಯಾಗ ಏನೂ ಕಾಣ್ತಿದ್ದಿಲ್ರಿ. ನಮ್ಮ ಕಡೆ ಎಲ್ಲಾರ ಮನ್ಯಾಗೂ ಮ್ಯಾಲ ಬೆಳಕಿಂಡಿ ಇರತೈತ್ರಿ."

"ಸೂರ್ಗೆ ತೂತ ಮಡಿಕಂಡು ಅದ್ರ ಕೆಳಗೇ ಉಣ್ತೀರಾ?"

"ಹೂಂ ರೀ."

ಅವರು ಒಂದು ಹೆಜ್ಜೆ ಹಿಂದೆ ಸರಿದರು. ಕೋಪಿಸಿಕೊಂಡಿದ್ದರೆ ಸಹಿಸಬಹುದಿತ್ತು.

"ಈಗಲೇ ಮುಚ್ತೀನಿ" ಎಂದೆ.

"ಮುಚ್ಚಿ. ಕಂಡೋರ ಬಾಯ ಮುಚ್ಚಾಕಾದದಾ?" ತಮ್ಮ ಬಾಗಿಲ ಕಡೆ ತಿರುಗಿದವರು ಹೇಳಿದರು: "ಅವ್ರು ನಡ್ಕಂಡು ಮನೇಗ್ ಬಂದ್ರೆ ನೀವೂ ಇರಿ. ಏನಾರ ಎಚ್ಚುಕಮ್ಮಿ ಆದ್ರೆ, ಮೇಷ್ಟ್ರಮ್ಮ, ಈ ಸೂರಡಿ ನಿಮ್ಮ ಮಕ ನೋಡ್ಕಂಡು ಇರಾಕೆ ನನ್ ಕೈಲಾಗಕಿಲ್ಲ."

ಕತ್ತಲಾಗುವ ಮೊದಲೇ ಹೆಂಚು ಮತ್ತೆ ಹೊದಿಸಿದೆ. ತೆಗೆಯುವುದು ಸುಲಭ, ಒಂದರ ಅಂಚಿಗೆ ಇನ್ನೊಂದನ್ನು ಸರಿಯಾಗಿ ಕೂರಿಸುವುದಕ್ಕೆ ಕೈ ಪಳಗಿರಬೇಕು. ಒಂದು ಹೆಂಚು ಒಡೆಯಿತು. ಗಾಜನ್ನು ಪೆಟ್ಟಿಗೆಯಲ್ಲಿಟ್ಟೆ.

ಮುಂದಿನ ದಿನಗಳಲ್ಲಿ ಕೊಳ್ಳೇಗಾಲದ ಬಸ್ಸಿನ ಸದ್ದು ಕೇಳಿದರೆ ಸೀಮೆಸುಣ್ಣ ಹಿಡಿದ ನನ್ನ ಕೈ ಕಪ್ಪುಹಲಗೆಯ ಮೇಲೆ ನಿಂತುಬಿಡುತ್ತಿತ್ತು. ಸಂಜೆ ಪಾಠ ಹೇಳಿಸಿಕೊಳ್ಳಲು ಮನೆಗೆ ಬರುತ್ತಿದ್ದ ಹುಡುಗಿಯರು ಬರುವುದನ್ನು ಬಿಟ್ಟರು. ಊರಿಗೆ ಬರೆದ ಕಾಗದದಲ್ಲಿ, ಮನೆ ಅನುಕೂಲವಾಗಿದೆ ಎಂದೇ ಬರೆದೆ. ಶಿವಮಲ್ಲಪ್ಪನವರು ಬದುಕಲಿ ಎಂದು ದಿನವೂ ಪ್ರಾರ್ಥಿಸಿದೆ. ಅದರಲ್ಲಿ ಅವರಿಗಾಗಿ ಎಷ್ಟು, ಮನೆಗಾಗಿ ಎಷ್ಟು ಎಂದು ಬಿಡಿಸಿ ನೋಡುವ ಧೈರ್ಯ ಮಾಡಲಿಲ್ಲ.

ಹನ್ನೆರಡನೆಯ ದಿನ ಅವರು ಬಂದರು. ಬಸ್ಸಿನಿಂದ ಮನೆಯವರೆಗೆ, ಹೆಂಡತಿಯ ಹೆಗಲು ಹಿಡಿದು, ನಡೆದೇ ಬಂದರು. ಬೀದಿಯವರೆಲ್ಲ ಹೊರಗೆ ನಿಂತಿದ್ದರು. ಶಿವಮಲ್ಲಪ್ಪನವರು ಸೂರನ್ನು ನೋಡಿದರು, ಆಮೇಲೆ ನನ್ನನ್ನು.

"ನಾನ್ ಓಗಾಕೆ ದಾರಿ ಮಾಡುದ್ರಂತಲ್ಲ ಮೇಷ್ಟ್ರಮ್ಮ?"

ನಾನು ತಲೆ ತಗ್ಗಿಸಿದೆ.

"ಆರೇ ಎಂಚಂತೆ. ಅದ್ರಲ್ಲಿ ನನ್ ಒಟ್ಟೆ ತೂರದಾ? ಅಳತೆ ಕೇಳ್ಬಾರ್ದಾಗಿತ್ತಾ?"

ಬೀದಿ ನಕ್ಕಿತು. ನಂಜಮ್ಮ ನಗಲಿಲ್ಲ. ಆದರೆ ಮರುದಿನ ಬೆಳಿಗ್ಗೆ ನನ್ನ ಹೊಸ್ತಿಲ ಮೇಲೆ ಒಂದು ಒಳ್ಳೆಯ ಹೆಂಚು ಇತ್ತು. ಒಂದು ಒಡೆದಿದೆ ಎಂದು ನಾನು ಅವರಿಗೆ ಹೇಳಿರಲಿಲ್ಲ.

ಹೀಗೆ ಮನೆ ಉಳಿಯಿತು. ಹುಡುಗಿಯರು ಒಬ್ಬೊಬ್ಬರಾಗಿ ಮತ್ತೆ ಬಂದರು. ಹಜಾರ ದಾಟಿ ಅಡುಗೆಮನೆಯೊಳಗೆ ಮಾತ್ರ ಕಾಲಿಡುವುದಿಲ್ಲ. ನಾನು ಬುಡ್ಡಿದೀಪದಲ್ಲೇ ಅಡುಗೆ ಮಾಡುತ್ತೇನೆ.

ಬೇಸಿಗೆಯ ರಜೆಗೆ ಊರಿಗೆ ಹೋಗಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬೆಳಕಿಂಡಿಯಿಂದ ಇಳಿದ ಬಿಸಿಲು ನನ್ನ ತಟ್ಟೆಯ ಮೇಲೆ ಬಿದ್ದಿತ್ತು. ತುತ್ತು ಕೈಯಲ್ಲಿರುವಾಗಲೇ ಮೇಲೆ ನೋಡಿದೆ. ಗೊತ್ತಿಲ್ಲದೆ ತಟ್ಟೆಯನ್ನು ನೆರಳಿಗೆ ಎಳೆದುಕೊಂಡೆ.

"ಯಾಕ ಸರಿದಿ? ಮೊದಲ ಅಲ್ಲೇ ಕುಂತು ಓದತಿದ್ದಿ" ಎಂದಳು ಅವ್ವ.

"ಬಿಸಲು" ಎಂದೆ.

ಆಕೆ ಮತ್ತೆ ರೊಟ್ಟಿಯ ಕಡೆ ತಿರುಗಿದಳು. ನಾನು ಮನೆಯವರನ್ನು ಮನಸ್ಸಿನಲ್ಲೇ ಒಬ್ಬೊಬ್ಬರಾಗಿ ಎಣಿಸಿದೆ. ಅಪ್ಪ ಪಡಸಾಲೆಯಲ್ಲಿ, ಅಣ್ಣ ಹೊಲದಲ್ಲಿ, ಅಜ್ಜಿ ಕಟ್ಟೆಯ ಮೇಲೆ. ಎಲ್ಲರೂ ಇದ್ದರು. ಆದರೂ ತಟ್ಟೆಯನ್ನು ಮತ್ತೆ ಬೆಳಕಿಗೆ ಎಳೆದುಕೊಳ್ಳಲಾಗಲಿಲ್ಲ.