ಮೂರು ಎಂದರೆ ಎಷ್ಟು ಎಚ್‌ಪಿ?

ಕಳೆದ ಜೂನ್‌ನ ಮೊದಲ ಭಾನುವಾರ ನಾವು ಮೈಸೂರು ಬಿಟ್ಟು ಹುಬ್ಬಳ್ಳಿಯ ಕೇಶ್ವಾಪುರದ ಬಾಡಿಗೆ ಮನೆಗೆ ಬಂದೆವು. ಮಹಡಿ ನಮ್ಮದು, ಕೆಳಗೆ ಮಾಲೀಕರು. ಲಾರಿಯ ಪಕ್ಕ ನಿಂತಿದ್ದ ಅವರು ನಮ್ಮ ಊರು, ಕೆಲಸ, ಮಕ್ಕಳು ಯಾವುದನ್ನೂ ವಿಚಾರಿಸಲಿಲ್ಲ. ಇಳಿಯುತ್ತಿದ್ದ ಮಿಕ್ಸರ್ ತೋರಿಸಿ, "ಇದು ಎಷ್ಟ್ ಎಚ್‌ಪಿ ರೀ?" ಎಂದರು.

ಅವರಿಗೆ ಮೋಟರ್ ವೈಂಡಿಂಗ್ ಅಂಗಡಿ ಇದೆ. ಓಣಿಗೆಲ್ಲ ಅವರು ಕಾಕಾ. ಅಂಗಡಿಗೆ ಬರುವ ಮೋಟರ್‌ಗಳ ಶಕ್ತಿಯನ್ನು ಎಚ್‌ಪಿಯಲ್ಲಿ ಹೇಳುವುದರಿಂದ ಅವರು ಉಳಿದ ಜಗತ್ತನ್ನೂ ಹಾಗೆಯೇ ಅಳೆಯುತ್ತಾರೆ. ಒಂದು ಎಚ್‌ಪಿ ಎಂದರೆ ಸುಮಾರು ಮುಕ್ಕಾಲು ಕಿಲೋವ್ಯಾಟ್.

"ಎರಡೂ ಮನಿಗೆ ಕೂಡಿ ಮೂರು ಕಿಲೋವ್ಯಾಟ್ ಲೋಡ್. ಅಂದ್ರ ನಾಕು ಎಚ್‌ಪಿ, ಅದಕ್ಕ ಹೆಚ್ಚಾದ್ರ ಮೇನ್ ಬೀಳ್ತೈತಿ. ನೀರೆತ್ತೋ ಮೋಟರ್ ಒಂದು. ನಿಮ್ಮ ಗೀಜರ್?"

ಡಬ್ಬಿಯ ಮೇಲಿದ್ದ ಅಂಕಿ ನೆನಪಾಯಿತು. "ಮೂರು," ಎಂದೆ.

"ಅಲ್ಲಿಗೆ ನಾಕು. ಬರೋಬ್ಬರಿ ಆತು!"

ಮೈಸೂರಿನ ನಮ್ಮ ಬೀದಿಯಲ್ಲಿ ದಿನವೂ ನೀರು ಬರುತ್ತಿತ್ತು. ಅದು ಸುದ್ದಿಯೇ ಅಲ್ಲ. ಇಲ್ಲಿ ನಾಲ್ಕಾರು ದಿನಕ್ಕೊಮ್ಮೆ "ನಳ ಬಂತು" ಎಂದು ಓಣಿ ಕೂಗುತ್ತದೆ. ನಳ ಎಂದರೆ ನಮ್ಮ ನಲ್ಲಿ. ಕಾಕಾರ ನೆಲತೊಟ್ಟಿ ಚಿಕ್ಕದು. ನೀರು ಬರುತ್ತಿರುವಾಗಲೇ ಮೇಲಿನ ಟ್ಯಾಂಕಿಗೆ ಏರಿಸದಿದ್ದರೆ ಮಿಕ್ಕಿದ್ದು ರಸ್ತೆ ಪಾಲು.

ಜುಲೈನ ಒಂದು ಬೆಳಿಗ್ಗೆ ಟ್ಯಾಂಕಿನ ತಳ ಕಾಣುತ್ತಿತ್ತು. ಕಾಕಾರ ಮಗಳು ಶಬಾನಾಳನ್ನು ನೋಡಲು ಮಧ್ಯಾಹ್ನ ಗಂಡಿನ ಕಡೆಯವರು ಊಟಕ್ಕೆ ಬರುವವರಿದ್ದರು. ನಳ ಬಂತು. ಕೆಳಗೆ ಕಾಕಾ ಮೋಟರ್ ಶುರು ಮಾಡಿದರು, ಮೇಲೆ ನಾನು ಗೀಜರ್. ಮೇನ್ ಸ್ವಿಚ್ ಬಿತ್ತು. ಎತ್ತಿದರು. ಮತ್ತೆ ಬಿತ್ತು. ಲೆಕ್ಕ ಸರಿಯಿದ್ದ ಮೇಲೆ ಮೋಟರ್ ಕೆಟ್ಟಿರಲೇಬೇಕೆಂದು ಅವರು ಅದನ್ನು ಬಿಚ್ಚಲು ಕುಳಿತರು. ತೊಟ್ಟಿ ತುಂಬಿ ನೀರು ಗೇಟಿನಾಚೆ ಹರಿಯತೊಡಗಿತು.

ಕಾಕಾರ ಹೆಂಡತಿ ಬಾಗಿಲಿಗೆ ಬಂದರು. "ಊರ ಮೋಟರ್ ರಿಪೇರಿ ಮಾಡ್ತೀರಿ, ಮನೀದೊಂದು ನಡ್ಯಂಗಿಲ್ಲ. ಬಂದೋರಿಗೆ ಕುಡ್ಯಾಕ ಬಾಟ್ಲಿ ನೀರು ತರಸೂಣು. ಕೈ ತೊಳ್ಯಾಕ ಸೋಡಾ ಕೊಡೂಣೇನು?"

ಗದ್ದಲ ಕೇಳಿ ನನ್ನ ಹೆಂಡತಿ ಸುಮತಿ ಕೆಳಗಿಳಿದಳು. ಕಾಕಾ ಬೆರಳು ಮಡಚಿ ಲೆಕ್ಕ ಒಪ್ಪಿಸಿದರು: ಮೋಟರ್ ಒಂದು, ಗೀಜರ್ ಮೂರು.

"ಗೀಜರ್ ಮೂರು ಕಿಲೋವ್ಯಾಟು, ಕಾಕಾ. ಎಚ್‌ಪಿ ಅಲ್ಲ," ಎಂದಳು.

ನಟ್ಟು ತಿರುಗಿಸುತ್ತಿದ್ದ ಕಾಕಾರ ಕೈಯ ಪಾನಾ ನಿಂತಿತು. ಅವರು ತಲೆಯೆತ್ತಿ, ಮಹಡಿಯಿಂದ ಬಗ್ಗಿ ನೋಡುತ್ತಿದ್ದ ನನ್ನನ್ನು ನೋಡಿದರು.

"ಅಂದ್ರ ಅದೊಂದ ನಾಕು ಎಚ್‌ಪಿ ಆತಲ್ರಿ! ಸರ, ಎರಡೂ ಮನಿ ಕರೆಂಟ್ ನೀವೊಬ್ರ ಮೈಮ್ಯಾಲ ಸುರ್ಕೊಳ್ಳಾಕತ್ತೀರಿ!"

ಗೀಜರ್ ಆರಿಸಿದೆ. ಮೋಟರ್ ಮತ್ತೆ ಜೋಡಿಸುವಷ್ಟರಲ್ಲಿ ನಳ ಸಣ್ಣಗಾಗಿತ್ತು, ನಿಂತಿರಲಿಲ್ಲ. ಟ್ಯಾಂಕು ಅರ್ಧಕ್ಕಿಂತ ಮೇಲೆ ತುಂಬಿತು. ನಾನು ತಣ್ಣೀರು ಸ್ನಾನ ಮಾಡಿ ಕೆಳಗೆ ಊಟಕ್ಕೆ ಹೋದೆ. ಬಂದವರು ಉಂಡು ಕೈ ತೊಳೆದರು. ಸಂಬಂಧ ಕುದುರಿತು.

ಅಂದಿನಿಂದ ನಳ ಬಂದಾಗ ಕಾಕಾ ಮೊದಲು ಸುಮತಿಗೆ ಹೇಳುತ್ತಾರೆ, ಅವಳು ಗೀಜರ್ ಆರಿಸಿದ ಮೇಲೆ ಮೋಟರ್ ಮುಟ್ಟುತ್ತಾರೆ. ಹೋದ ವಾರ ನಾವು ಮೈಸೂರಿನಲ್ಲಿ, ಅವಳ ತವರಿನಲ್ಲಿದ್ದೆವು. ಬೆಳಿಗ್ಗೆ ಫೋನ್ ಬಂತು.

"ತಂಗಿ, ನಳ ಬಂದಾವ ನೋಡವಾ."

"ಬಂದ್ ಮಾಡ್ದೆ ಕಾಕಾ, ಮೋಟರ್ ಹಚ್ಚ್ರಿ," ಎಂದ ಸುಮತಿ ಎದ್ದು ಹೋಗಿ ಬಚ್ಚಲ ಪಕ್ಕದ ಗೀಜರ್ ಸ್ವಿಚ್ ಆರಿಸಿದಳು. ಒಳಗೆ ನನ್ನ ಮಾವ ಸ್ನಾನ ಮಾಡುತ್ತಿದ್ದರು.